ತೆರೆಗೆ ಬಾರದ ವರ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರನ್ನು ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅವರ ಚಿತ್ರಗಳು ಅಪ್ಪ–ಮಗಳ ವಾತ್ಸಲ್ಯದ, ಸದ್ದುಗದ್ದಲವಿಲ್ಲದ ಸಂಸಾರದ ಕತೆಗಳು ಎಂದು ಲೇಖಕರು ಬರೆದಿರುವುದು ಸರಿಯೇ. ಆದರೆ ಆ ಸಂಸಾರಗಳ ಮಾತುಕತೆಯೆಲ್ಲ ಹೆಣ್ಣನ್ನು ಎಂಥ ಮನೆಗೆ ಕೊಡಬೇಕೆಂಬ ಲೆಕ್ಕಾಚಾರದ ಸುತ್ತಲೇ ತಿರುಗುವುದನ್ನು ಅವರು ಹೇಳದೆ ಬಿಟ್ಟಿದ್ದಾರೆ.

1949ರ ‘ಲೇಟ್ ಸ್ಪ್ರಿಂಗ್’ ಚಿತ್ರದಲ್ಲಿ ನೊರಿಕೊಗೆ ಸಂಬಂಧ ತರುವ ಸೋದರತ್ತೆ, ಹುಡುಗನ ಬಾಯಿಯ ಬಳಿ ಹಾಲಿವುಡ್ ನಟ ಗ್ಯಾರಿ ಕೂಪರನ ಹೋಲಿಕೆಯಿದೆ ಎನ್ನುತ್ತಾಳೆ. ಮದುವೆಯೂ ಆಗುತ್ತದೆ. ಆದರೆ ಆ ವರ ಚಿತ್ರದಲ್ಲಿ ಒಂದು ಸಲವೂ ತೆರೆಗೆ ಬರುವುದಿಲ್ಲ. ಇದನ್ನು ನಿರ್ದೇಶಕರ ಶೈಲಿಯೆಂದು ಹೇಳಿ ಮುಗಿಸಿಬಿಡುವುದು ಸುಲಭ. ನನಗಂತೂ ಅದು ಕಂಡದ್ದನ್ನು ಕಂಡ ಹಾಗೆ ತೋರಿಸಿದ್ದು ಎನಿಸುತ್ತದೆ. ಹೋದ ವರ್ಷ ತುಮಕೂರಿನಲ್ಲಿ ನನ್ನ ತಮ್ಮನ ಮಗಳಿಗೆ ಗಂಡು ನೋಡುವಾಗ, ದಲ್ಲಾಳಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಬಯೊಡೇಟಾದಲ್ಲಿ ತಿಪಟೂರು ಕಡೆಯ ತೆಂಗಿನ ತೋಟ, ಬೆಂಗಳೂರಿನ ಸೈಟು, ವರ್ಷದ ಪ್ಯಾಕೇಜು ಎಲ್ಲವೂ ಇದ್ದವು. ಹುಡುಗನ ಫೋಟೊ ಬಂದದ್ದು ಮೂರನೆಯ ದಿನ. “ಫೋಟೊ ಯಾಕತ್ತೆ, ತೋಟದ್ದೇ ಒಂದು ಕಳಿಸಲಿ ಬಿಡಿ” ಎಂದಳು ಹುಡುಗಿ.

ಎರಡು ವರ್ಷಗಳ ನಂತರದ ‘ಅರ್ಲಿ ಸಮರ್’ ಚಿತ್ರ ಈ ವಿಷಯದಲ್ಲಿ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿಯೂ ನಾಯಕಿಯ ಹೆಸರು ನೊರಿಕೊ, ನಟಿ ಅದೇ ಸೆತ್ಸುಕೊ ಹಾರಾ. ಇವಳು ಟೋಕಿಯೊದ ಕಚೇರಿಯೊಂದರಲ್ಲಿ ಕೆಲಸ ಮಾಡಿ ಸಂಬಳ ತರುವ ಹೆಣ್ಣು. ಕಚೇರಿಯ ಮುಖ್ಯಸ್ಥನೇ ತಂದ, ನಲವತ್ತರ ಆಸುಪಾಸಿನ ಅನುಕೂಲಸ್ಥನ ಸಂಬಂಧಕ್ಕೆ ಮನೆಯವರು ಹೂಂಗುಟ್ಟುತ್ತಾರೆ. ಅವನೂ ತೆರೆಗೆ ಬರುವುದಿಲ್ಲ. ನೊರಿಕೊ ಒಪ್ಪುವುದು ವೈದ್ಯನಾದ ಅಣ್ಣನ ಕೈಕೆಳಗೆ ಕೆಲಸ ಮಾಡುವ, ಪುಟ್ಟ ಮಗಳಿರುವ, ದೂರದ ಅಕಿತಕ್ಕೆ ವರ್ಗವಾಗಿರುವ ನೆರೆಮನೆಯ ವಿಧುರನನ್ನು. ಅದೂ ಅವನು ಕೇಳಿದ್ದಕ್ಕಲ್ಲ. ಅವನ ತಾಯಿ, ಬೇಸರ ಮಾಡಿಕೊಳ್ಳಬೇಡವೆಂದು ಮೊದಲೇ ಬೇಡಿಕೊಂಡು, ನೀನು ನನ್ನ ಸೊಸೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆಯನ್ನು ಹಿಂಜರಿಯುತ್ತಲೇ ಹೇಳಿಕೊಂಡಾಗ ನೊರಿಕೊ ಅಲ್ಲಿಯೇ ಒಪ್ಪಿಕೊಂಡುಬಿಡುತ್ತಾಳೆ. ಸಂತೋಷಕ್ಕೆ ಕಣ್ಣೀರು ಹಾಕುವ ಆ ಮುದುಕಿಗೆ ಏನು ಮಾಡಬೇಕೆಂದು ತೋಚದೆ, ಹೂರಣದ ಬನ್ನು ತಿನ್ನುತ್ತೀಯಾ ಎಂದು ಕೇಳುತ್ತಾಳೆ. ನಮ್ಮಲ್ಲಾಗಿದ್ದರೆ ಡಬ್ಬಿ ತಡಕಿ ಅಂಗೈಗೆ ಸಕ್ಕರೆ ಹಾಕುತ್ತಿದ್ದರು. ಬಡತನವನ್ನೂ ಸಂಭ್ರಮವನ್ನೂ ಹೀಗೆ ಒಂದೇ ಬನ್ನಿನಲ್ಲಿ ತೋರಿಸಿದ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮನೆಗೆ ಬಂದು ವಿಷಯ ತಿಳಿಸಿದ ಮೇಲೆ ನಡೆಯುವ ವಿಚಾರಣೆಯನ್ನು ಗಮನಿಸಬೇಕು. ವಿವಾಹಕ್ಕೆ ಹೆಣ್ಣುಗಂಡುಗಳ ಪರಸ್ಪರ ಒಪ್ಪಿಗೆಯೊಂದೇ ಆಧಾರವೆಂದು ಜಪಾನಿನ ಹೊಸ ಸಂವಿಧಾನದ 24ನೆಯ ವಿಧಿ 1947ರಲ್ಲಿಯೇ ಸಾರಿದ್ದರೂ, ತನ್ನನ್ನು ಒಂದು ಮಾತೂ ಕೇಳದೆ ತಂಗಿ ತೀರ್ಮಾನಿಸಿದಳೆಂಬುದೇ ಅಣ್ಣನಿಗೆ ಅಸಮಾಧಾನ. ಒಳ್ಳೆಯ ಸಂಬಂಧ ಕೈತಪ್ಪಿತಲ್ಲ ಎಂಬ ಕೊರಗು ತಾಯಿಗೆ.

ತಾನಿಜಾಕಿ ಅವರ ಕಾದಂಬರಿಯನ್ನು ಆಧರಿಸಿ ಕೊನ್ ಇಚಿಕಾವಾ 1983ರಲ್ಲಿ ತೆಗೆದ ‘ಮಕಿಯೊಕ ಸಿಸ್ಟರ್ಸ್’ ಚಿತ್ರವನ್ನೂ ಲೇಖಕರು ನೆನೆಯಬಹುದಿತ್ತು. ಒಸಾಕದ ವ್ಯಾಪಾರಿ ಮನೆತನದ ಸಿರಿ ಕರಗಿದರೂ ಹೆಸರಿನ ಬಿಂಕ ಕರಗಿಲ್ಲ. ನಾಲ್ವರು ಅಕ್ಕತಂಗಿಯರಲ್ಲಿ ಮೂರನೆಯವಳಿಗೆ ಗಂಡು ಗೊತ್ತಾಗದೆ ನಾಲ್ಕನೆಯವಳು ಕಾಯಬೇಕು. ನಮ್ಮ ಮಂಡಿಪೇಟೆಯ ಹಳೆಯ ಮನೆಗಳ ಕತೆ ಕೇಳಿ ಬೆಳೆದವರಿಗೆ ಇದು ಹೊಸತಲ್ಲ.

ಇನ್ನು ಇಂಥ ಲೆಕ್ಕಾಚಾರದ ಮನೆಯೇ ಇಲ್ಲದ ಹೆಣ್ಣಿನ ಪಾಡನ್ನು ತೋರಿಸಿದವರು ಮಿಕಿಯೊ ನರುಸೆ. 1960ರಲ್ಲಿ ಅವರು ತೆಗೆದ ಚಿತ್ರವೊಂದರಲ್ಲಿ ಟೋಕಿಯೊದ ಗಿಂಜಾ ಬಡಾವಣೆಯ ಬಾರಿನಲ್ಲಿ ದುಡಿಯುವ ವಿಧವೆ ಕೇಕೊ, ಮದುವೆಯಾಗುತ್ತೇನೆಂದು ಬಂದ ಸಾಧು ಸ್ವಭಾವದವನನ್ನು ನಂಬುತ್ತಾಳೆ. ಅವನಿಗೆ ಆಗಲೇ ಹೆಂಡತಿಯಿದ್ದಾಳೆಂದು, ಫ್ಯಾಕ್ಟರಿ ಇದೆ ಎಂದದ್ದೂ ಸುಳ್ಳೆಂದು ಆಮೇಲೆ ತಿಳಿಯುತ್ತದೆ. ಈ ವರ ಮಾತ್ರ ತೆರೆಗೆ ಬರುತ್ತಾನೆ. ಓಜು ಅವರಿಗೆ ಒಂದು ಪುಟ ಕೊಟ್ಟ ಪುರವಣಿ ನರುಸೆಯವರಿಗೆ ಅರ್ಧ ಪುಟವನ್ನಾದರೂ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಅಧ್ಯಾಪಕಿ,
ತುಮಕೂರು