ಹಾರ್ನ್‌ಬೋರ್ಗಾ ಸರೋವರದ ಕ್ರೌಂಚ ವೀಕ್ಷಣೆ: ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಏಪ್ರಿಲ್ ತಿಂಗಳ ಮೊದಲ ಶನಿವಾರ ನಾವೆಲ್ಲರೂ ಸ್ವೀಡನ್ನಿನ ಸ್ಕಾರಾ ಮತ್ತು ಫಾಲ್‌ಶೋಪಿಂಗ್ ಊರುಗಳ ನಡುವಿನ ಹಾರ್ನ್‌ಬೋರ್ಗಾ ಸರೋವರಕ್ಕೆ ಹೋಗುವುದೆಂದು ತೀರ್ಮಾನವಾಗಿದೆ. ಸ್ಪೇನ್ ಮೊದಲಾದ ದಕ್ಷಿಣದ ನಾಡುಗಳಲ್ಲಿ ಚಳಿಗಾಲ ಕಳೆದ ಕ್ರೌಂಚಗಳು, ಗೂಡು ಕಟ್ಟಲು ಉತ್ತರದ ಜವುಗು ನೆಲಗಳಿಗೆ ಮರಳುವ ದಾರಿಯಲ್ಲಿ ಇಲ್ಲಿ ತಂಗುತ್ತವೆ. ಕೆಲವು ವರ್ಷ ಒಂದೇ ದಿನದ ಎಣಿಕೆ 20,000 ದಾಟಿದ್ದುಂಟು. ಹಿಂದೆ ಮದ್ಯದ ಭಟ್ಟಿಗಾಗಿ ಬೆಳೆಯುತ್ತಿದ್ದ ಆಲೂಗಡ್ಡೆಯಲ್ಲಿ ಹೊಲದಲ್ಲೇ ಉಳಿದದ್ದು ಅವುಗಳನ್ನು ಸೆಳೆಯುತ್ತಿತ್ತು. ಆ ಬೇಸಾಯ ನಿಂತ ಮೇಲೆ ಅವುಗಳಿಗಾಗಿ ಬಾರ್ಲಿ ಚೆಲ್ಲಲಾಗುತ್ತಿದೆ. ಕೃಷಿಭೂಮಿಗಾಗಿ 19ನೇ ಶತಮಾನದಿಂದ ಮತ್ತೆ ಮತ್ತೆ ನೀರು ಬಸಿದು ಹಾಳುಗೆಡವಿದ್ದ ಈ ಸರೋವರದ ಮಟ್ಟವನ್ನು 1990ರ ದಶಕದಲ್ಲಿ ಏರಿಸಿ ಉಳಿಸಿಕೊಂಡರು. ನನ್ನ ಮಟ್ಟಿಗೆ ಹಕ್ಕಿಗಳಷ್ಟೇ ಇದೂ ನೋಡತಕ್ಕ ಸಂಗತಿ.

ಇರುಳನ್ನು ಆಳವಿಲ್ಲದ ನೀರಿನಲ್ಲಿ ನಿಂತು ಕಳೆಯುವ ಕ್ರೌಂಚಗಳು ಬೆಳಗಾಗುತ್ತಲೇ ಹೊಲಗಳಿಗೆ ಇಳಿಯುವುದರಿಂದ, ಎಲ್ಲರೂ ಸೂರ್ಯೋದಯಕ್ಕೆ ಮೊದಲೇ ದಕ್ಷಿಣ ತೀರದ ವೀಕ್ಷಣಾ ಸ್ಥಳದಲ್ಲಿರಬೇಕು. ರೆಕ್ಕೆ ಬಿಚ್ಚಿ, ಕತ್ತು ಬಾಗಿಸಿ, ನೆಗೆನೆಗೆದು ಅವು ಕುಣಿಯುವುದನ್ನೂ ಜೋಡಿಗಳು ಕಹಳೆಯಂತೆ ಒಟ್ಟಿಗೆ ಕೂಗುವುದನ್ನೂ ಹತ್ತಿರದಿಂದಲೇ ಕಾಣಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹೊರಟುಹೋಗುವುದನ್ನು ಕಂಡಿರುವ ನಮ್ಮವರಿಗೆ, ಹಕ್ಕಿಗಳು ತಮ್ಮ ಸೀಮೆಗೆ ಮರಳುವುದನ್ನು ಕಾಣುವ ಅವಕಾಶವಿದು.

ಬೆಳಗಿನ ಚಳಿ ಕಟುವಾಗಿರುತ್ತದೆ. ಬೆಚ್ಚಗಿನ ಉಡುಪು, ದುರ್ಬೀನು ಮತ್ತು ಬುತ್ತಿಯನ್ನು ತಪ್ಪದೆ ತನ್ನಿರಿ. ಹೊಲಕ್ಕೆ ಇಳಿಯುವುದಾಗಲಿ, ಡ್ರೋನ್ ಹಾರಿಸುವುದಾಗಲಿ ಬೇಡ. ಬರುವವರು ಗುರುವಾರದೊಳಗೆ ಇಲ್ಲಿಯೇ ತಿಳಿಸಬೇಕೆಂದು ವಿನಂತಿ.