ಗುಜರಿಗೆ ಹಾಕೋ ಮುಂಚೆ ಇದನ್ನು ಓದು

ಅಕ್ಕಾ,

ಹೊಲಿಗೆ ಮಷೀನಿನ ಚಕ್ರ ತಿರುಗ್ತಿಲ್ಲ, ಗುಜರಿಗೆ ಹಾಕಿಬಿಡೋಣ ಅಂತ ನೀನೂ ಭಾವನೂ ಮಾತಾಡಿಕೊಂಡಿದ್ದೀರಂತೆ. ಅಮ್ಮ ಫೋನಲ್ಲಿ ಹೇಳಿದಳು. ಸ್ವಲ್ಪ ತಡಿ ಮಾರಾಯ್ತಿ. ಇಲ್ಲಿ ನಾನೂ ಒಂದು ಹಳೇ ಕಪ್ಪು ಸಿಂಗರ್ ತಂದು ರಿಪೇರಿ ಮಾಡಿಕೊಂಡಿದ್ದೀನಿ. ಬಂದಾಗ ಅದೂ ಚೂರೂ ಅಲ್ಲಾಡ್ತಿರಲಿಲ್ಲ, ಆದರೆ ಒಳಗೆ ಯಾವ ಭಾಗವೂ ಮುರಿದಿರಲಿಲ್ಲ. ಹಳೇ ಎಣ್ಣೆ ಒಣಗಿ ಕಚ್ಚಿಕೊಂಡಿತ್ತು, ಅಷ್ಟೇ. ನಿಮ್ಮದೂ ಬಹುಶಃ ಅದೇ ಕಥೆ.

ಮೊದಲು ಬಾಬಿನ್ ಕೇಸ್ (ಕೆಳಗಿನ ದಾರದ ಉರುಳೆ ಕೂರುವ ಡಬ್ಬಿ) ತೆಗೆದು, ಅದು ಕೂರುವ ಕಡೆ ಇರುವ ಷಟಲ್ ಸುತ್ತ ಟಾರ್ಚ್ ಬಿಟ್ಟು ನೋಡು. ಒಂದು ತುಂಡು ದಾರ ಸಿಕ್ಕಿಕೊಂಡರೂ ಚಕ್ರ ನಿಂತುಬಿಡುತ್ತದೆ. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲಿನ ಮೇಲಿನ ತಗಡು ಬಿಚ್ಚಿದರೆ ಅಡಿಯಲ್ಲಿ ನಾರು ಒತ್ತಿ ಒತ್ತಿ ಹಾಳೆಯಂತಾಗಿರುತ್ತದೆ, ಅದನ್ನು ಸೂಜಿಯಿಂದ ಎಬ್ಬಿಸಿ ತೆಗಿ. ಸ್ಕ್ರೂಡ್ರೈವರ್ ಮಾತ್ರ ಸ್ಕ್ರೂ ತಲೆಯ ಸೀಳಿಗೆ ಪೂರ್ತಿ ಕೂರುವಂಥದ್ದೇ ಇರಲಿ. ಸಣ್ಣದು ಹಾಕಿ ತಿರುವಿದರೆ ತಲೆ ಹಾಳಾಗುತ್ತದೆ.

ಆಮೇಲೆ ಸೀಮೆಎಣ್ಣೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆಯೆಲ್ಲಾ ಒಂದೆರಡು ಹನಿ ಬಿಟ್ಟು ರಾತ್ರಿ ಹಾಗೇ ಬಿಡು. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ, ಮೋಟಾರ್ ಇದ್ದರೆ ಅದಕ್ಕಂತೂ ತಾಗಿಸಲೇಬೇಡ. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸು. ಭಾವನ ಕೈಗೆ ಮಾತ್ರ ಕೊಡಬೇಡ, ಅವರು ಸುಮ್ನೆ ಬಲ ಹಾಕ್ತಾರೆ! ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಗೆದ್ದ ಹಾಗೆ. ಇನ್ನಷ್ಟು ಹನಿ ಬಿಟ್ಟು ಆಡಿಸುತ್ತಾ ಹೋದರೆ ಸೂಜಿಯ ಕಂಬಿಯಿಂದ ಕಂದು ಬಣ್ಣದ ಜಿಗಟು ಇಳಿಯೋಕೆ ಶುರುವಾಗುತ್ತದೆ. ಬಟ್ಟೆಯಲ್ಲಿ ಒರೆಸು, ಮತ್ತೆ ಬಿಡು, ಮತ್ತೆ ಒರೆಸು, ತಿಳಿಯಾಗಿ ಬರುವವರೆಗೂ.

ಸೀಮೆಎಣ್ಣೆ ತೊಳೆಯೋದಕ್ಕೆ ಮಾತ್ರ. ಅದನ್ನು ಒರೆಸಿ ಒಣಗಿಸಿದ ಮೇಲೆ ತೆಳುವಾದ ಮಷೀನ್ ಎಣ್ಣೆ ಬಿಡಲೇಬೇಕು, ಇಲ್ಲದಿದ್ದರೆ ಸವೆಯುತ್ತದೆ. ಅಡುಗೆ ಎಣ್ಣೆ, ತಲೆಗೆ ಹಚ್ಚೋ ಎಣ್ಣೆ ಯಾವುದೂ ಬೇಡ. ಅವು ಗಾಳಿಗೆ ಗಟ್ಟಿಯಾಗುತ್ತವೆ, ಮತ್ತೆ ಇದೇ ಪಾಡು. ಕಾಲಿನಿಂದ ತುಳಿಯೋದಾದರೆ ಬೆಲ್ಟಿಗೆ ಎಣ್ಣೆ ತಾಗದಂತೆ ನೋಡಿಕೋ, ಜಾರುತ್ತದೆ.

ಹೊರಗಿನ ಚಿನ್ನದ ಬಣ್ಣದ ಚಿತ್ತಾರ ಉಳಿಸಿಕೋಬೇಕು ಅಂದರೆ ಸ್ಪಿರಿಟ್, ಥಿನ್ನರ್ ಹತ್ತಿರಕ್ಕೂ ತರಬೇಡ. ಅದರ ಮೇಲಿರುವ ಅರಗಿನ ಪದರ ಸ್ಪಿರಿಟ್ಟಿಗೆ ಕರಗಿಹೋಗುತ್ತದೆ. ಹತ್ತಿಗೆ ಮಷೀನ್ ಎಣ್ಣೆ ತಾಗಿಸಿ ನಿಧಾನವಾಗಿ ಒರೆಸು, ಮೊದಲು ಹಿಂಬದಿಯ ಮೂಲೆಯಲ್ಲಿ.

ಇನ್ನೊಂದು. ಚಕ್ರದ ನಡುವಿನ ಗುಂಡು ತಿರುಪನ್ನು ಬಿಚ್ಚಿದರೆ ಒಳಗೆ ಮೂರು ಕಿವಿಯ ಒಂದು ವಾಷರ್ ಸಿಗುತ್ತದೆ. ತೆಗೆಯೋ ಮುಂಚೆ ಫೋಟೋ ತಗೋ. ತಿರುಗಿ ಜೋಡಿಸಿದ ಮೇಲೆ ತಿರುಪು ಸಡಿಲಿಸಿ ಚಕ್ರ ತಿರುಗಿಸಿದಾಗ ಸೂಜಿ ಆಡದೆ ನಿಂತಿರಬೇಕು; ನಿಲ್ಲದಿದ್ದರೆ, ವಾಷರನ್ನು ಅರ್ಧ ಸುತ್ತು ತಿರುಗಿಸಿ ಹಾಕು. ಎಷ್ಟೋ ಜನ ಇಲ್ಲೇ ತಲೆ ಕೆಡಿಸಿಕೊಳ್ತಾರೆ.

ಹೊಲಿಗೆ ಶುರುಮಾಡುವಾಗ ಹೊಸ ಸೂಜಿ ಹಾಕು. ಸೂಜಿಯ ಉದ್ದ ಗೀರು ಯಾವ ಕಡೆಗಿದೆಯೋ ಆ ಕಡೆಯಿಂದ ದಾರ ಪೋಣಿಸಬೇಕು. ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ದಾರ ಕೂರಿಸುವಾಗ ಬಟ್ಟೆ ಒತ್ತುವ ಪಾದ ಎತ್ತಿರಲಿ, ಇಳಿಸಿದರೆ ಬಿಲ್ಲೆ ಮುಚ್ಚಿಕೊಳ್ಳುತ್ತದೆ. ಬಟ್ಟೆಯ ಅಡಿಯಲ್ಲಿ ದಾರ ಗಂಟಾದರೆ ಎಲ್ಲರೂ ಬಾಬಿನ್ನನ್ನು ಬೈತಾರೆ, ಆದರೆ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದೇ. ಅದನ್ನು ಬಿಚ್ಚಿ ಮತ್ತೆ ಪೋಣಿಸು. ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ಮುಟ್ಟೋದು ಕೊನೆಗೆ, ಅದೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ.

ನಿಮ್ಮದೂ ಸಿಂಗರ್ರೇ ಅಲ್ವಾ? ಬಲಗಡೆ, ಕಂಬದ ಬುಡದಲ್ಲಿ ಒಂದು ನಂಬರ್ ಕೆತ್ತಿರುತ್ತದೆ. ನನ್ನದು ‘ವೈ’ ಅಕ್ಷರದಿಂದ ಶುರುವಾಗುತ್ತದೆ, ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದ್ದು. 1980ರಲ್ಲಿ ಅದು ಮುಚ್ಚಿಹೋಯಿತು, ಮಷೀನ್ ಮಾತ್ರ ಇನ್ನೂ ಜೀನ್ಸ್ ಹೊಲಿಯುತ್ತದೆ. ನಿನ್ನದರ ಫೋಟೋ ಕಳಿಸು, ಯಾವ ವರ್ಷದ್ದು ಅಂತ ಹುಡುಕ್ತೀನಿ. ಅಲ್ಲಿಯವರೆಗೆ ಗುಜರಿಯವನು ಬಂದರೆ ಹಳೇ ಪೇಪರ್ ಮಾತ್ರ ಕೊಟ್ಟು ಕಳಿಸು.

ನಿನ್ನ ತಮ್ಮ