ಇಮ್ಯುನಿಟಿಗೆ ಅಂತ ಗ್ರೋತ್ ಹಾರ್ಮೋನ್ ಚುಚ್ಚಿಸ್ಕೊಳೋರಿಗೆ

ಸಂಪಾದಕರಿಗೆ ನಮಸ್ಕಾರ,

ನಾನು ವಿಜಯನಗರದಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿದೀನಿ. ಮೊದ್ಲೆಲ್ಲ ಗ್ರೋತ್ ಹಾರ್ಮೋನ್ ಕೇಳ್ಕೊಂಡು ಬರ್ತಿದ್ದೋರು ಬಾಡಿ ಬೆಳೆಸೋ ಜಿಮ್ ಹುಡುಗರು, ಈಗ ಐವತ್ತು ದಾಟಿದೋರೂ ಬಂದು 'ಇಮ್ಯುನಿಟಿಗೆ ತುಂಬಾ ಒಳ್ಳೇದಂತಲ್ಲ, ಇದ್ಯಾ' ಅಂತಾರೆ. ಡಾಕ್ಟ್ರ ಚೀಟಿ ಎಲ್ಲಿ ಅಂದ್ರೆ ಟ್ರೈನರ್ ಹೇಳಿದ್ರು ಅನ್ನೋದು, ಇಲ್ಲಾ ವಾಟ್ಸ್ಯಾಪ್ ತೋರ್ಸೋದು. ಕೊಡಲ್ಲ ಅಂದ್ರೆ ನಮ್ಮ ಮೇಲೇ ಸಿಟ್ಟು.

ಮೊನ್ನೆ ಒಬ್ರು ಮಟಮಟ ಮಧ್ಯಾಹ್ನ ಸ್ಕೂಟರ್ ಡಿಕ್ಕಿಯಿಂದ ಒಂದು ವಯಲ್ ತೆಗೆದು ಕೌಂಟರ್ ಮೇಲಿಟ್ರು, ಜಿಮ್ಮಲ್ಲಿ ಕೊಟ್ರಂತೆ, ಸಿರಿಂಜ್ ಮಾತ್ರ ನಮ್ಮತ್ರ ಬೇಕಂತೆ. ಲೇಬಲ್ಲಲ್ಲಿ ಬ್ಯಾಚ್ ನಂಬರ್ ಇರ್ಬೇಕಾದ ಜಾಗ ಖಾಲಿ, ಮುಟ್ಟಿದ್ರೆ ಗಾಜು ಬೆಚ್ಚಗಿತ್ತು. ಸಾಮಾನ್ಯವಾಗಿ ಇದನ್ನ 2ರಿಂದ 8 ಡಿಗ್ರೀಲಿ ಫ್ರಿಜ್ಜಲ್ಲಿ ಇಡೋದು ಸ್ವಾಮಿ, ಒಳಗೆ ಏನಿದ್ಯೋ ದೇವ್ರಿಗೇ ಗೊತ್ತು.

ಹಾಗಂತ ಆ ವಾಟ್ಸ್ಯಾಪ್ ಮೆಸೇಜ್ ಪೂರ್ತಿ ಬುರುಡೆ ಅಂತಾನೂ ಹೇಳಕ್ಕಾಗಲ್ಲ, ಕಷ್ಟ ಇರೋದೇ ಅಲ್ಲಿ. ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನ್ ಬಿಡುತ್ತೆ, ಜಾಸ್ತಿ ಬಿಡೋದು ರಾತ್ರಿ ಗಾಢ ನಿದ್ದೇಲಿ, ಅದು ಲಿವರ್‌ಗೆ ಹೇಳಿ ಐಜಿಎಫ್-1 ಅನ್ನೋ ಇನ್ನೊಂದನ್ನ ಮಾಡಿಸುತ್ತೆ, ಮೂಳೆ ಬೆಳೆಯೋದೆಲ್ಲ ಅದರಿಂದ. ಆದ್ರೆ ಇದನ್ನ ಹಿಡ್ಕೊಳೋ ರಿಸೆಪ್ಟರ್ ಬಿಳಿ ರಕ್ತಕಣಗಳ ಮೇಲೂ ಇದಾವೆ, ಆ ಕಣಗಳೇ ಸ್ವಲ್ಪ ಗ್ರೋತ್ ಹಾರ್ಮೋನ್ ಮಾಡ್ಕೊಳ್ತಾವೆ ಕೂಡ. ಎದೆಮೂಳೆ ಹಿಂದೆ ಥೈಮಸ್ ಅಂತ ಗ್ರಂಥಿ ಇದೆ, ಟಿ-ಸೆಲ್ ಅನ್ನೋ, ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣಗಳು ಪಳಗೋದು ಅಲ್ಲೇ, ಹರೆಯ ಕಳೆದ ಮೇಲೆ ಅದು ಕುಗ್ಗಿ ಕೊಬ್ಬು ತುಂಬ್ಕೊಳುತ್ತೆ. ಎಚ್‌ಐವಿ ಇರೋ ದೊಡ್ಡೋರಿಗೆ ಗ್ರೋತ್ ಹಾರ್ಮೋನ್ ಕೊಟ್ಟು ನೋಡಿದಾಗ ಈ ಥೈಮಸ್ ಮತ್ತೆ ಸ್ವಲ್ಪ ದೊಡ್ಡದಾಗಿ ಹೊಸ ಟಿ-ಸೆಲ್ ಜಾಸ್ತಿ ಆಗಿದ್ದು ನಿಜ, 2008ರಲ್ಲಿ ಬಂದ ರಿಸರ್ಚ್ ಅದು. ಮೆಸೇಜ್ ಮಾಡೋರು ಇಷ್ಟಕ್ಕೇ ನಿಲ್ಲಿಸ್ತಾರೆ.

ಮುಂದಿಂದು ಯಾರೂ ಫಾರ್ವರ್ಡ್ ಮಾಡಲ್ಲ. 1999ರಲ್ಲಿ ಯುರೋಪಲ್ಲಿ ಐಸಿಯುನಲ್ಲಿ ಸೀರಿಯಸ್ ಆಗಿದ್ದ ಐನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಎರಡು ಟ್ರಯಲ್‌ಗಳ ರಿಸಲ್ಟ್ ಬಂತು. ಗ್ರೋತ್ ಹಾರ್ಮೋನ್ ಜಾಸ್ತಿ ಡೋಸಲ್ಲಿ ಕೊಟ್ರೆ ಮೈ ಸವೆಯೋದು ತಪ್ಪಿ ಬೇಗ ಸುಧಾರಿಸ್ಕೋತಾರೆ ಅನ್ನೋ ಆಸೆ ಇತ್ತು. ಆಗಿದ್ದು ಉಲ್ಟಾ. ಒಂದು ಟ್ರಯಲಲ್ಲಿ ಹಾರ್ಮೋನ್ ತಗೊಂಡೋರಲ್ಲಿ ನೂರಕ್ಕೆ 39 ಜನ ಆಸ್ಪತ್ರೇಲೇ ತೀರ್ಕೊಂಡ್ರು, ತಗೊಳ್ದೆ ಇದ್ದೋರಲ್ಲಿ 20. ಇನ್ನೊಂದ್ರಲ್ಲಿ 44, 18. ಎಷ್ಟೋ ಜನ ಹೋಗಿದ್ದು ಹತೋಟಿಗೆ ಬರದ ಇನ್‌ಫೆಕ್ಷನ್, ಅಂಗಾಂಗ ಫೇಲ್ ಆಗಿದ್ರಿಂದ. ಇಮ್ಯುನಿಟಿಗೆ ಅಂತ ಹೇಳೋ ಔಷಧಿ ಇದೇನಾ?

ಇನ್ನೊಂದು ವಿಷ್ಯ, ಗ್ರೋತ್ ಹಾರ್ಮೋನ್ ಕಮ್ಮಿ ಇರೋ ಮಕ್ಕಳು ಕುಳ್ಳಗಿರ್ತಾರೆ ನಿಜ, ಆದ್ರೆ ಅದೊಂದರಿಂದಾನೇ ಪದೇಪದೇ ಕಾಯಿಲೆ ಬೀಳೋದು ಸಾಮಾನ್ಯವಾಗಿ ಇಲ್ಲ. ಎತ್ತರಾನೂ ಬರ್ದೆ ಇನ್‌ಫೆಕ್ಷನ್ನೂ ಬಿಡ್ದೆ ಇರೋದು ತೀರಾ ಅಪರೂಪದ ಕೆಲವು ಮಕ್ಕಳಲ್ಲಿ, ಸ್ಟ್ಯಾಟ್5ಬಿ ಅನ್ನೋ ಜೀನ್ ಕೆಟ್ಟಿರೋರಲ್ಲಿ. ಗ್ರೋತ್ ಹಾರ್ಮೋನೂ ಟಿ-ಸೆಲ್‌ಗಳಿಗೆ ಸಿಗ್ನಲ್ ಕೊಡೋ ಇಂಟರ್‌ಲ್ಯೂಕಿನ್-2ನೂ ಜೀವಕೋಶದ ಒಳಗೆ ಬಳಸೋದು ಈ ಒಂದೇ ಲೈನ್, ಅದು ಕಟ್ ಆದ್ರೆ ಎರಡೂ ಹೋಯ್ತು. ಆ ಮಕ್ಕಳಿಗೆ ಹೊರಗಿಂದ ಹಾರ್ಮೋನ್ ಚುಚ್ಚಿದ್ರೂ ಅಷ್ಟಾಗಿ ಪ್ರಯೋಜನ ಇಲ್ಲ. ಅಂದ್ರೆ ಹಾರ್ಮೋನಿಗೂ ಇಮ್ಯುನಿಟಿಗೂ ನಂಟು ಇದೆ, ಆದ್ರೆ ಎರಡು ಯೂನಿಟ್ ಹಾಕಿದ್ರೆ ಎರಡು ಪಟ್ಟು ಶಕ್ತಿ ಅನ್ನೋ ಲೆಕ್ಕ ಅಲ್ಲ.

ಸುಮ್ನೆ ಹಾಕ್ಕೊಂಡೋರಿಗೆ ಸಿಗೋದು ಕೈಕಾಲು ಊತ, ಕೀಲುನೋವು, ಬೆರಳು ಜೋಮು, ಶುಗರ್ ಏರೋದು. ನಮ್ಮ ಬೆಂಗಳೂರಲ್ಲಿ ಮೊದ್ಲೇ ಮನೆಗೊಬ್ರು ಶುಗರಿನೋರು ಸಿಗ್ತಾರೆ.

ನಿಜವಾಗ್ಲೂ ಬೇಕಿರೋ ಮಕ್ಕಳ ಅಪ್ಪಅಮ್ಮ ನಮ್ಮಲ್ಲಿಗೂ ಬರ್ತಾರೆ, ಎಂಡೋಕ್ರೈನ್ ಡಾಕ್ಟ್ರ ಚೀಟಿ ಹಿಡ್ಕೊಂಡು, ಐಸ್ ಪ್ಯಾಕ್ ಇರೋ ಬ್ಯಾಗ್ ತಂದು, ದುಡ್ಡು ಹೊಂದಿಸ್ಕೊಂಡು. ಅವರ ಬಗ್ಗೆ ನನ್ನ ತಕರಾರಿಲ್ಲ, ಈ ಪತ್ರ ಓದಿ ಅವರು ಹೆದರ್ಕೊಂಡು ಇಂಜೆಕ್ಷನ್ ನಿಲ್ಲಿಸೋದೂ ಬೇಡ.

ಡ್ರಗ್ಸ್ ಕಂಟ್ರೋಲ್‌ನೋರು ನಮ್ಮ ಅಂಗಡಿಗಳಿಗೆ ಬಂದು ಬಿಲ್ಲು, ರಿಜಿಸ್ಟರು, ಫ್ರಿಜ್ಜಿನ ಟೆಂಪರೇಚರ್ ಎಲ್ಲ ನೋಡ್ತಾರೆ, ನೋಡ್ಲಿ, ಬೇಡ ಅನ್ನಲ್ಲ. ಹಾಗೇ ಬರೋವಾಗ ಪಕ್ಕದ ರೋಡಿನ ಜಿಮ್‌ಗಳ ಲಾಕರೂ ಒಂದ್ಸಲ ತೆಗೆಸಿ ನೋಡ್ಲಿ ಅಂತ ನಿಮ್ಮ ಪೇಪರ್ ಮೂಲಕ ಕೇಳ್ಕೋತೀನಿ.

– ಒಬ್ಬ ಮೆಡಿಕಲ್ ಶಾಪಿನವ, ವಿಜಯನಗರ, ಬೆಂಗಳೂರು